ಚಲನಚಿತ್ರಕಾರ ಲಂಕೇಶ್

ಪಿ. ಲಂಕೇಶರ ಹೆಸರನ್ನೆತ್ತಿದೊಡನೆ ಬಹುಮಂದಿಗೆ ನೆನಪಾಗುವುದು ಅವರ ಪತ್ರಿಕೆ. ಸಾಹಿತ್ಯಾಸಕ್ತರಿಗೆ ಅವರ ಕಥೆ, ನಾಟಕಗಳು. ಇವೆರಡರ ನಡುವೆ, 1976ರಿಂದ 1980ರವರೆಗೆ, ಅವರು ನಿರ್ದೇಶಿಸಿದ ನಾಲ್ಕು ಚಲನಚಿತ್ರಗಳನ್ನು ಕೇವಲ ಹವ್ಯಾಸವೆಂದು ಬದಿಗಿರಿಸುವುದುಂಟು. ಆದರೆ ಅವರ ಜೀವನವನ್ನು ಸಮಗ್ರವಾಗಿ ಪರಿಶೀಲಿಸಿದರೆ, ಲೇಖಕನನ್ನೂ ಪತ್ರಕರ್ತನನ್ನೂ ಬೆಸೆದ ಕೊಂಡಿ ಆ ಚಿತ್ರಗಳೇ ಎಂಬುದು ಮನದಟ್ಟಾಗುತ್ತದೆ.

ಲಂಕೇಶರು ಜನಿಸಿದ್ದು 1935ರ ಮಾರ್ಚ್ 8ರಂದು, ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯ ಕೃಷಿಕ ಕುಟುಂಬದಲ್ಲಿ. ಆ ಕಾಲದಲ್ಲಿ ಈ ಸೀಮೆಯ ಹಳ್ಳಿಯ ಹುಡುಗರ ಮುಂದೆ ಎರಡು ದಾರಿಗಳಿದ್ದುವು: ಒಂದು, 1923ರಿಂದ ಕಬ್ಬಿಣ ತಯಾರಿಸುತ್ತಿದ್ದ ಭದ್ರಾವತಿಯ ಕಾರ್ಖಾನೆಯ ಕಡೆಗೆ, ಇನ್ನೊಂದು, ಶಿವಮೊಗ್ಗೆಯ ಶಾಲೆ ಕಾಲೇಜುಗಳ ಕಡೆಗೆ. ಲಂಕೇಶರು ಹಿಡಿದುದು ಎರಡನೆಯದನ್ನು. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಸಿಸಿ, ಶಿವಮೊಗ್ಗೆಗೇ ಅಧ್ಯಾಪಕರಾಗಿ ಮರಳಿದರು. 1962ರ ಅನಂತರ ಬೆಂಗಳೂರು ಅವರ ಕರ್ಮಭೂಮಿಯಾಯಿತು. ಆದರೆ ಹಳ್ಳಿಯನ್ನು ತೊರೆದು ಪಟ್ಟಣದಲ್ಲಿ ಬೇರೂರಲಾರದ ವಿದ್ಯಾವಂತನ ತಳಮಳವು ಅವರ ಬರವಣಿಗೆಯನ್ನು ಬಿಟ್ಟಗಲಲಿಲ್ಲ.

ಚಿತ್ರರಂಗಕ್ಕೆ ಅವರು ಪ್ರವೇಶಿಸಿದ್ದು ನಟರಾಗಿ. ಅದೇ ಜಿಲ್ಲೆಯವರಾದ ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ'ವನ್ನು ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ತೆರೆಗೆ ತಂದಾಗ, ಅಗ್ರಹಾರದ ಕಟ್ಟಳೆಗಳನ್ನು ಧಿಕ್ಕರಿಸುವ ನಾರಣಪ್ಪನ ಪಾತ್ರವನ್ನು ಲಂಕೇಶರು ವಹಿಸಿದರು. ಸೆನ್ಸಾರಿನ ನಿಷೇಧವನ್ನು ದಾಟಿ ಬಂದ ಆ ಚಿತ್ರವು ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಯನ್ನು ಪಡೆಯಿತು. ಸಿದ್ಧ ಮಾರುಕಟ್ಟೆಯನ್ನು ನೆಚ್ಚದೆಯೂ ಚಿತ್ರ ನಿರ್ಮಿಸಬಹುದೆಂಬ ಧೈರ್ಯವನ್ನು ಅದು ಕನ್ನಡಕ್ಕೆ ನೀಡಿತು.

1976ರಲ್ಲಿ ಲಂಕೇಶರು ತಮ್ಮದೇ 'ಬಿರುಕು' ಕಾದಂಬರಿಯನ್ನಾಧರಿಸಿ 'ಪಲ್ಲವಿ'ಯನ್ನು ನಿರ್ದೇಶಿಸಿದರು. ಕೆಲಸವನ್ನರಸುವ ತರುಣ ತರುಣಿಯರು ಪರಸ್ಪರ ಪ್ರೀತಿಸುತ್ತಾರೆ. ಕೆಲಸ ದೊರೆಯುವುದು ಅವಳಿಗೆ. ಅವಳು ಮೇಲಧಿಕಾರಿಯನ್ನು ವರಿಸುತ್ತಾಳೆ. ಅವನು ಬಂಡಾಯದ ಹಾದಿ ಹಿಡಿಯುತ್ತಾನೆ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಕಾದಂಬರಿಯ ಕೇಂದ್ರದಲ್ಲಿದ್ದುದು ಗಂಡಿನ ಒಡೆದ ಮನಸ್ಸು. ಚಿತ್ರವಾದರೋ ಹೆಣ್ಣಿನ ಕಣ್ಣಿನಿಂದ ಲೋಕವನ್ನು ಕಾಣುತ್ತದೆ. ತನ್ನ ಕೃತಿಯನ್ನೇ ಮತ್ತೊಬ್ಬರ ದೃಷ್ಟಿಯಿಂದ ವಿಚಾರಣೆಗೊಳಪಡಿಸುವ ಈ ಸಾಹಸ ಸಾಮಾನ್ಯವಾದುದಲ್ಲ. ರಾಜೀವ ತಾರಾನಾಥರ ಸಂಗೀತವಿದ್ದ ಈ ಚಿತ್ರವು ಲಂಕೇಶರಿಗೆ ಅತ್ಯುತ್ತಮ ನಿರ್ದೇಶಕನೆಂಬ ರಾಷ್ಟ್ರಪ್ರಶಸ್ತಿಯನ್ನು ತಂದುಕೊಟ್ಟಿತು.

ಆ ಬಳಿಕ 'ಅನುರೂಪ' ಬಂದಿತು. ಗೋವಿನ ಹಾಡನ್ನು ನೆನಪಿಗೆ ತರುವ ಹೆಸರಿನ 'ಖಂಡವಿದೆಕೋ ಮಾಂಸವಿದೆಕೋ' ಬಂದಿತು. 1980ರಲ್ಲಿ 'ಎಲ್ಲಿಂದಲೋ ಬಂದವರು' ತೆರೆಕಂಡಿತು. ಈ ಕೊನೆಯ ಚಿತ್ರಕ್ಕೆ ಅವರು ತಾವೇ ರಚಿಸಿದ ಗೀತೆಗಳು ಇಂದಿಗೂ ಕನ್ನಡಿಗರ ನಾಲಗೆಯ ಮೇಲಿವೆ.

ಅದೇ ವರ್ಷ ಅವರು 'ಲಂಕೇಶ್ ಪತ್ರಿಕೆ'ಯನ್ನು ಆರಂಭಿಸಿದರು. ಚಲನಚಿತ್ರವು ಎಷ್ಟೇ ಸ್ವತಂತ್ರವಾದರೂ ಬಂಡವಾಳ, ಸೆನ್ಸಾರು, ಚಿತ್ರಮಂದಿರಗಳ ಹಂಗಿಗೆ ಒಳಪಟ್ಟ ಕಲೆ. ಜಾಹೀರಾತನ್ನು ದೂರವಿಟ್ಟ ಪತ್ರಿಕೆಗಿದ್ದುದು ಓದುಗನ ಹಂಗೊಂದೇ. ಹಾಗೆಂದು ಅವರು ಚಿತ್ರಗಳಲ್ಲಿ ಕಲಿತದ್ದು ವ್ಯರ್ಥವಾಗಲಿಲ್ಲ. ವಿದ್ಯೆಯ ಪರಿಭಾಷೆಯನ್ನು ಬದಿಗಿಟ್ಟು ಸಾಮಾನ್ಯ ಜನರೊಡನೆ ನೇರವಾಗಿ ಮಾತನಾಡುವ ರೀತಿಯು ತೆರೆಯಿಂದ ಪುಟಕ್ಕೆ ನಡೆದುಬಂದಿತು. 1993ರಲ್ಲಿ ಅವರ ಕಥೆಗಳಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. 2000ದ ಜನವರಿ 25ರಂದು ಅವರು ಕಾಲವಶರಾದರು.

ನಾಲ್ಕು ಚಿತ್ರಗಳೆಂದರೆ ಸಂಖ್ಯೆಯಲ್ಲಿ ಅಲ್ಪವೇ. ಆದರೆ ಕಲಾವಿದನ ಸ್ವಾತಂತ್ರ್ಯವೆಂದರೆ ಹಣದ ಹಂಗಿನಿಂದ ಪಾರಾಗುವುದಷ್ಟೇ ಅಲ್ಲ, ತನ್ನ ಹಿಂದಿನ ನೋಟದಿಂದಲೂ ಬಿಡುಗಡೆ ಹೊಂದುವುದು ಎಂಬುದಕ್ಕೆ 'ಪಲ್ಲವಿ'ಯೊಂದೇ ಸಾಕ್ಷಿಯಾಗಿ ನಿಲ್ಲುತ್ತದೆ.