ಗ್ರಹಾಂ ಗ್ರೀನ್: ತಲೆಮರೆಸಿಕೊಂಡವರ ಕಥೆಗಾರ

ರೈಲು ನಿಲ್ದಾಣದಲ್ಲಿ ಕೊಂಡು, ಊರು ಮುಟ್ಟುವಷ್ಟರಲ್ಲಿ ಓದಿ ಮುಗಿಸುವ ಕಾದಂಬರಿಗಳಿಗೆ ಪಂಡಿತರು ಹೆಚ್ಚು ಬೆಲೆ ಕೊಡುವುದಿಲ್ಲ. ಗೂಢಚಾರ, ಕೊಲೆಗಾರ, ಬೆನ್ನಟ್ಟುವ ಪೊಲೀಸರು ಇಷ್ಟೇ ಅವುಗಳ ಬಂಡವಾಳ. ಅಂಥ ಕಾದಂಬರಿಗಳನ್ನು ಬರೆಯುತ್ತಲೇ ಇಪ್ಪತ್ತನೇ ಶತಮಾನದ ದೊಡ್ಡ ಇಂಗ್ಲಿಷ್ ಲೇಖಕರ ಸಾಲಿಗೆ ಸೇರಿದವರು ಗ್ರಹಾಂ ಗ್ರೀನ್. ಅವರು ಕಥೋಲಿಕರು. ಆದರೆ ಧರ್ಮಸಭೆಯ ಪಾಲಿಗೆ ಸುಲಭದ ಮಗನಾಗಿರಲಿಲ್ಲ.

1904ರ ಅಕ್ಟೋಬರ್ 2ರಂದು ಇಂಗ್ಲೆಂಡಿನ ಬರ್ಕಮ್‌ಸ್ಟೆಡ್‌ನಲ್ಲಿ ಅವರ ಜನನ. ತಂದೆ ಚಾರ್ಲ್ಸ್ ಗ್ರೀನ್ ಅದೇ ಊರಿನ ಶಾಲೆಯ ಮುಖ್ಯೋಪಾಧ್ಯಾಯರಾದರು. ಮಗ ಅಲ್ಲಿಯೇ ವಿದ್ಯಾರ್ಥಿ, ಅಲ್ಲಿಯೇ ಹಾಸ್ಟೆಲ್ ವಾಸಿ. ಒಂದು ಬಾಗಿಲಿನ ಆಚೆ ಮನೆ, ಈಚೆ ಶಾಲೆ. ಸಹಪಾಠಿಗಳು ಹುಡುಗನನ್ನು ತಂದೆಯ ಗೂಢಚಾರನಂತೆ ಕಂಡು ಕಾಡಿದರು. ದೂರು ಹೇಳಿದರೆ ಗೆಳೆಯರಿಗೆ ದ್ರೋಹ, ಸುಮ್ಮನಿದ್ದರೆ ಮನೆಗೆ ದ್ರೋಹ. ಕೊನೆಗೆ ಹುಡುಗ ಶಾಲೆ ಬಿಟ್ಟು ಓಡಿದ. ಮನೆಯವರು ಹದಿನಾರರ ಮಗನನ್ನು ಆರು ತಿಂಗಳು ಲಂಡನ್ನಿನ ಮನೋವಿಶ್ಲೇಷಕರೊಬ್ಬರ ಬಳಿ ಇರಿಸಿದರು. ಅವರ ಎಲ್ಲ ಕಾದಂಬರಿಗಳ ಬೀಜ ಆ ಬಾಗಿಲ ಬಳಿಯೇ ಬಿದ್ದಿತ್ತು ಎಂದು ನನಗೆ ತೋರುತ್ತದೆ.

ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ ಕಥೋಲಿಕರು ಕನ್ಯಾಮರಿಯಮ್ಮನವರನ್ನು ಆರಾಧಿಸುತ್ತಾರೆ ಎಂದು ಅವರು ಒಂದು ಲೇಖನದಲ್ಲಿ ಬರೆದರು. ಅದನ್ನೋದಿದ ವಿವಿಯನ್ ಎಂಬ ಯುವತಿ, ಆರಾಧನೆ ದೇವರಿಗೆ ಮಾತ್ರ, ಮಾತೆಗೆ ಸಲ್ಲುವುದು ಗೌರವ ಎಂದು ತಿದ್ದಿ ಪತ್ರ ಬರೆದರು. ಆ ಪತ್ರದಿಂದ ಪರಿಚಯ, ಪರಿಚಯದಿಂದ ಪ್ರೀತಿ. ಮದುವೆಯಾಗುವವಳ ವಿಶ್ವಾಸವೇನೆಂದು ತಿಳಿಯಲು, ನಾಟಿಂಗ್‌ಹ್ಯಾಮ್‌ನ ಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತಲೇ ಅವರು ಫಾ. ಟ್ರೊಲಪ್ ಎಂಬ ಗುರುಗಳ ಬಳಿ ಧರ್ಮೋಪದೇಶ ಪಡೆದರು. (ಈ ಗುರುಗಳು ಹಿಂದೆ ರಂಗನಟರಾಗಿದ್ದವರು!) 1926ರ ಫೆಬ್ರವರಿಯಲ್ಲಿ ಧರ್ಮಸಭೆಯನ್ನು ಸೇರಿದಾಗ ಆರಿಸಿಕೊಂಡ ಹೆಸರು ಥಾಮಸ್, ಸಂಶಯಪಟ್ಟ ಪ್ರೇಷಿತರ ಹೆಸರು. ಮರುವರ್ಷ ಮದುವೆಯಾಯಿತು.

1929ರ ಮೊದಲ ಕಾದಂಬರಿ ಗೆದ್ದಿತು, ಮುಂದಿನ ಎರಡು ನೆಲಕಚ್ಚಿದವು. ಹಣಕ್ಕಾಗಿಯೇ ಬರೆದದ್ದು 1932ರ 'ಸ್ಟಾಂಬೂಲ್ ಟ್ರೇನ್'. ಅದು ಗೆದ್ದು ಸಿನಿಮಾ ಕೂಡ ಆಯಿತು. ಇಂಥವಕ್ಕೆ ಅವರೇ 'ಮನರಂಜನೆ' ಎಂಬ ಹಣೆಪಟ್ಟಿ ಅಂಟಿಸಿ, ಗಂಭೀರ ಕಾದಂಬರಿಗಳಿಂದ ಬೇರೆ ಇಟ್ಟಿದ್ದರು. ಈ ವಿಂಗಡಣೆ ನಿಲ್ಲಲಿಲ್ಲ, ಮುಂದೆ ಅವರೇ ಅದನ್ನು ಕೈಬಿಟ್ಟರು.

ಏಕೆ ನಿಲ್ಲಲಿಲ್ಲ ಎಂಬುದಕ್ಕೆ 1938-39ರ ದಿನಗಳನ್ನು ನೋಡಬೇಕು. ಮೆಕ್ಸಿಕೋದಲ್ಲಿ ಧರ್ಮಸಭೆಯ ಮೇಲಾದ ದಮನವನ್ನು ಕಾಣಲು ಅವರು 1938ರಲ್ಲಿ ಅಲ್ಲಿಗೆ ಹೋದರು. ತಬಾಸ್ಕೊ ಪ್ರಾಂತ್ಯದಲ್ಲಿ ಚರ್ಚುಗಳನ್ನು ಕೆಡವಲಾಗಿತ್ತು, ಗುರುಗಳನ್ನು ಓಡಿಸಲಾಗಿತ್ತು. ಹಿಂದಿರುಗಿ ಬಂದವರು, ಯುದ್ಧ ಬಂದರೆ ಸಂಸಾರದ ಗತಿಯೇನೆಂಬ ಚಿಂತೆಯಲ್ಲಿ, ಉತ್ತೇಜಕ ಮಾತ್ರೆ ನುಂಗಿ ಬೆಳಿಗ್ಗೆ 'ದಿ ಕಾನ್ಫಿಡೆನ್ಶಿಯಲ್ ಏಜೆಂಟ್' ಎಂಬ ಥ್ರಿಲ್ಲರನ್ನು ಆರೇ ವಾರದಲ್ಲಿ ಮುಗಿಸಿದರು. ಮಧ್ಯಾಹ್ನದ ಮೇಲೆ ನಿಧಾನವಾಗಿ ಬರೆದದ್ದು 'ದಿ ಪವರ್ ಅಂಡ್ ದಿ ಗ್ಲೋರಿ'. ಎರಡರಲ್ಲೂ ಇರುವುದು ಬೇಟೆಗೆ ಸಿಕ್ಕ ಮನುಷ್ಯನೇ. ಎರಡನೆಯದರಲ್ಲಿ ಅವನೊಬ್ಬ ಗುರು. ಕುಡುಕ, ಒಂದು ಮಗುವಿನ ತಂದೆ. ಆದರೂ ಆ ಸೀಮೆಯಲ್ಲಿ ಬಲಿಪೂಜೆ ಅರ್ಪಿಸಲು ಉಳಿದವನು ಅವನೇ. ಗಡಿ ದಾಟಿ ಪಾರಾದ ಮೇಲೂ, ಸಾಯುತ್ತಿರುವ ಅಪರಾಧಿಯೊಬ್ಬನ ಪಾಪನಿವೇದನೆಗೆ ಕರೆ ಬಂದಾಗ, ಅದು ಬಲೆ ಎಂದು ತಿಳಿದೇ ಹಿಂದಿರುಗುತ್ತಾನೆ. ಸೆಮಿನರಿಯ ಹುಡುಗರು ಓದಲೇಬೇಕಾದ ಪುಸ್ತಕವಿದು.

ಆದರೆ ರೋಮ್‌ಗೆ ಅದು ಹಿಡಿಸಲಿಲ್ಲ. 1953ರಲ್ಲಿ ಹೋಲಿ ಆಫೀಸ್‌ನ ಆಕ್ಷೇಪವನ್ನು ವೆಸ್ಟ್‌ಮಿನ್‌ಸ್ಟರ್‌ನ ಕಾರ್ಡಿನಲ್ ಗ್ರಿಫಿನ್ ಅವರಿಗೆ ತಿಳಿಸಿ, ಕಾದಂಬರಿಯನ್ನು ತಿದ್ದಬೇಕೆಂದರು. ಹಕ್ಕು ಪ್ರಕಾಶಕರದ್ದೆಂದು ಗ್ರೀನ್ ವಿನಯದಿಂದಲೇ ಜಾರಿಕೊಂಡರು. ವಿಷಯ ಅಲ್ಲಿಗೇ ನಿಂತಿತು. ಆಗ ಒಳಗಿದ್ದುಕೊಂಡೇ ಪುಸ್ತಕದ ಪರ ಮಾತನಾಡಿದವರು ಮೊನ್ಸಿಂಜೊರ್ ಮೊಂತಿನಿ. 1965ರಲ್ಲಿ ಗ್ರೀನ್ ಭೇಟಿಯಾದಾಗ ಅವರು ಜಗದ್ಗುರು ಆರನೇ ಪೌಲರಾಗಿದ್ದರು. ನಿಮ್ಮ ಬರಹ ಕೆಲವರನ್ನು ನೋಯಿಸಬಹುದು, ತಲೆಕೆಡಿಸಿಕೊಳ್ಳಬೇಡಿ ಎಂಬರ್ಥದಲ್ಲಿ ಸಮಾಧಾನ ಹೇಳಿ ಕಳುಹಿಸಿದರು.

ನಮ್ಮ ಮೈಸೂರಿಗೂ ಅವರ ಋಣವಿದೆ. ಆರ್. ಕೆ. ನಾರಾಯಣರ ಮೊದಲ ಹಸ್ತಪ್ರತಿಯನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ತಿರಸ್ಕರಿಸಿದ್ದರು. ಆಕ್ಸ್‌ಫರ್ಡ್‌ನಲ್ಲಿದ್ದ ಗೆಳೆಯ ಪೂರ್ಣ ಅದನ್ನು ಗ್ರೀನ್ ಕೈಗಿತ್ತರು. ಗ್ರೀನ್ ಪ್ರಕಾಶಕರನ್ನು ಹುಡುಕಿ, ಲೇಖಕರ ಉದ್ದ ಹೆಸರನ್ನೂ ಚಿಕ್ಕದಾಗಿಸಲು ಸಲಹೆ ಕೊಟ್ಟರು. 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಹೊರಬಂತು. ಇಬ್ಬರೂ ಮುಖಾಮುಖಿಯಾದದ್ದು 1956ರಲ್ಲಿ!

ಯುದ್ಧಕಾಲದಲ್ಲಿ ಗ್ರೀನ್ ಬ್ರಿಟಿಷ್ ಗುಪ್ತಚರರಾಗಿ ಸಿಯೆರಾ ಲಿಯೋನ್‌ನಲ್ಲಿದ್ದರು. ಮೇಲಧಿಕಾರಿಯಾಗಿದ್ದ ಕಿಮ್ ಫಿಲ್ಬಿ 1963ರಲ್ಲಿ ರಷ್ಯಾಕ್ಕೆ ಓಡಿಹೋದಾಗ ಅವನು ದೇಶದ್ರೋಹಿಯೆಂದು ಜಗತ್ತಿಗೇ ತಿಳಿಯಿತು. ಗ್ರೀನ್ ಮಾತ್ರ ಅವನ ಆತ್ಮಕಥೆಗೆ ಮುನ್ನುಡಿ ಬರೆದರು. ಶಾಲೆಯ ಬಾಗಿಲು ಅವರನ್ನು ಬಿಟ್ಟಿರಲಿಲ್ಲ.

ಮನೆಯ ಕಥೆ ಸಂತೋಷದ್ದಲ್ಲ. ವಿವಿಯನ್ ಮತ್ತು ಇಬ್ಬರು ಮಕ್ಕಳನ್ನು ಬಿಟ್ಟು 1940ರ ದಶಕದ ಕೊನೆಗೆ ಬೇರೆಯಾದರು. ವಿಚ್ಛೇದನ ಮಾತ್ರ ಆಗಲೇ ಇಲ್ಲ. ವಿವಾಹಿತೆಯೊಬ್ಬರೊಡನೆ ವರ್ಷಗಟ್ಟಲೆ ಸಂಬಂಧವಿತ್ತು. ಇದನ್ನು ಮರೆಮಾಚಿ ಅವರನ್ನು ಕಥೋಲಿಕ ಲೇಖಕರೆಂದು ಮೆರೆಸುವುದು ಸರಿಯಲ್ಲ; ಆ ಹಣೆಪಟ್ಟಿ ಅವರಿಗೂ ಬೇಡವಾಗಿತ್ತು. 1949ರಲ್ಲಿ ಇಟಲಿಯಲ್ಲಿ ಪಾದ್ರೆ ಪಿಯೊರವರ ಪೂಜೆಯಲ್ಲಿ ಭಾಗವಹಿಸಿದರು. ಆದರೆ ಅವರನ್ನು ಭೇಟಿಯಾಗಲು ಒಪ್ಪಲಿಲ್ಲ. ಭೇಟಿಯಾದರೆ ಬದುಕನ್ನು ಬದಲಿಸಬೇಕಾದೀತೆಂಬ ಭಯ. ಆ ಸಂತರ ಚಿತ್ರ ಮಾತ್ರ ಮುಂದೆ ಅವರ ಪರ್ಸಿನಲ್ಲಿತ್ತು.

ವೃದ್ಧಾಪ್ಯದಲ್ಲಿ ಸ್ಪೇನಿನ ಗುರು ಫಾ. ಲಿಯೊಪೋಲ್ಡೊ ದುರಾನ್ ಜೊತೆಯಾದರು. ಬೇಸಿಗೆಗಳಲ್ಲಿ ಇಬ್ಬರೂ ಕಾರಿನಲ್ಲಿ ಸ್ಪೇನ್ ಸುತ್ತುತ್ತಿದ್ದರು, ದಾರಿಯುದ್ದಕ್ಕೂ ದ್ರಾಕ್ಷಾರಸ ಮತ್ತು ವಾದ. 1982ರ 'ಮೊನ್ಸಿಂಜೊರ್ ಕಿಹೋತೆ' ಹುಟ್ಟಿದ್ದು ಆ ಪ್ರಯಾಣಗಳಿಂದ. 1991ರಲ್ಲಿ ಸ್ವಿಟ್ಜರ್ಲೆಂಡಿನ ವೆವೆ ಪಟ್ಟಣದ ಆಸ್ಪತ್ರೆಗೆ ಧಾವಿಸಿ ಬಂದು ಅಂತಿಮ ಸಂಸ್ಕಾರಗಳನ್ನು ನೀಡಿದವರೂ ಫಾ. ದುರಾನ್ ಅವರೇ. ಏಪ್ರಿಲ್ 3ರಂದು ಗ್ರೀನ್ ತೀರಿಕೊಂಡರು. ಅಲ್ಲೇ ಹತ್ತಿರದ ಕೊರ್ಸೊ ಎಂಬ ಹಳ್ಳಿಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ.