ಡೀಸೆಲ್ ಎಂಜಿನ್‌ನ ಜನಕ ರುಡಾಲ್ಫ್ ಡೀಸೆಲ್: ಸಂಕ್ಷಿಪ್ತ ಪರಿಚಯ

ವಾಹನ ನೋಂದಣಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರು ಇಂಧನದ ಕಾಲಂನಲ್ಲಿ ಡೀಸೆಲ್ ಎಂದು ನಮೂದಿಸುವುದುಂಟು. ಈ ಪದವು ಮೂಲತಃ ಒಬ್ಬ ವ್ಯಕ್ತಿಯ ಹೆಸರಾಗಿದ್ದು, ಅವರ ಜೀವನದ ಕಿರು ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ರುಡಾಲ್ಫ್ ಡೀಸೆಲ್‌ರವರು ದಿನಾಂಕ 18-03-1858 ರಂದು ಪ್ಯಾರಿಸ್ ನಗರದಲ್ಲಿ ಜರ್ಮನ್ ದಂಪತಿಗಳ ಪುತ್ರನಾಗಿ ಜನಿಸಿದರು. 1870ರಲ್ಲಿ ಫ್ರಾನ್ಸ್ ಮತ್ತು ಜರ್ಮನ್ ರಾಜ್ಯಗಳ ನಡುವೆ ಯುದ್ಧ ಆರಂಭವಾದ ಕಾರಣ ಕುಟುಂಬವು ಲಂಡನ್‌ಗೆ ತೆರಳಬೇಕಾಯಿತು. ಬಾಲಕನನ್ನು ಆಗ್ಸ್‌ಬರ್ಗ್‌ನ ಬಂಧುಗಳ ಮನೆಗೆ ಕಳುಹಿಸಲಾಯಿತು. ಮುಂದೆ ಮ್ಯೂನಿಕ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಕಾರ್ಲ್ ಫಾನ್ ಲಿಂಡೆಯವರ ಶಿಷ್ಯರಾಗಿ 1880ರಲ್ಲಿ ವ್ಯಾಸಂಗ ಪೂರ್ಣಗೊಳಿಸಿದರು.

ಅಂದಿನ ಹಬೆಯಂತ್ರಗಳು ಕಲ್ಲಿದ್ದಲಿನ ಶಕ್ತಿಯಲ್ಲಿ ಶೇಕಡ 10ರಷ್ಟನ್ನೂ ಕೆಲಸಕ್ಕೆ ಒದಗಿಸುವುದು ಕಷ್ಟವಾಗಿತ್ತು. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ನೂರು ರೂಪಾಯಿ ವೆಚ್ಚ ಮಾಡಿ ತೊಂಬತ್ತನ್ನು ಹೊಗೆಗೆ ಬರೆದಂತೆ. ಗಾಳಿಯನ್ನು ಸಿಲಿಂಡರ್‌ನಲ್ಲಿ ಬಲವಾಗಿ ಒತ್ತಿದಾಗ ಉಂಟಾಗುವ ಶಾಖದಿಂದಲೇ, ಕಿಡಿಯ ನೆರವಿಲ್ಲದೆ, ಇಂಧನ ಹೊತ್ತಿಕೊಳ್ಳುವ ಎಂಜಿನ್‌ನಿಂದ ಈ ನಷ್ಟವನ್ನು ತಗ್ಗಿಸಬಹುದೆಂದು ಡೀಸೆಲ್‌ರವರು ಭಾವಿಸಿದರು. 1892ರ ಫೆಬ್ರವರಿಯಲ್ಲಿ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿ, ಒಂದು ವರ್ಷದ ತರುವಾಯ ಅದನ್ನು ಪಡೆದರು.

ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆಯಲ್ಲಿ ದಿನಾಂಕ 10-08-1893 ರಂದು ಮೊದಲ ಪರೀಕ್ಷೆ ನಡೆಯಿತು. ಇಂಧನ ಹೊತ್ತಿಕೊಂಡಿತಾದರೂ ಒತ್ತಡವು ಮಿತಿಮೀರಿ ಅಳೆಯುವ ಉಪಕರಣವೇ ಸಿಡಿಯಿತು. ಎಂಜಿನ್ ಸ್ವಶಕ್ತಿಯಿಂದ ತಿರುಗಲಿಲ್ಲ. ಇದಕ್ಕಿಂತಲೂ ಗಂಭೀರವಾದ ತೊಡಕು ಲೆಕ್ಕಾಚಾರದಲ್ಲಿತ್ತು. ಪೇಟೆಂಟ್‌ನಲ್ಲಿ ವಿವರಿಸಿದ್ದ ದಹನ ಕ್ರಮವು ಕಾರ್ಯಸಾಧ್ಯವಲ್ಲವೆಂದು ಸ್ವತಃ ಅವರಿಗೇ ಮನವರಿಕೆಯಾಗಿ, ಅದೇ ವರ್ಷದ ನವೆಂಬರ್‌ನಲ್ಲಿ ಎರಡನೆಯ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದರು. ಅನಗತ್ಯವೆಂದು ಕೈಬಿಟ್ಟಿದ್ದ ನೀರಿನ ತಂಪು ವ್ಯವಸ್ಥೆಯನ್ನೂ ಅಳವಡಿಸಬೇಕಾಯಿತು. 1894ರ ಫೆಬ್ರವರಿ 17ರಂದು ಎಂಜಿನ್ ಮೊದಲ ಬಾರಿಗೆ ತಾನಾಗಿ ತಿರುಗಿತು. ಅದೂ ಸುಮಾರು ಒಂದು ನಿಮಿಷದ ಕಾಲ ಮಾತ್ರ.

ಅಲ್ಲಿಂದ ಮೂರು ವರ್ಷ ಬದಲಾವಣೆ ಮತ್ತು ಮರುಪರೀಕ್ಷೆಗಳಲ್ಲೇ ಕಳೆದವು. ಕಡೆಗೆ ದಿನಾಂಕ 17-02-1897 ರಂದು ಮ್ಯೂನಿಕ್‌ನ ಪ್ರಾಧ್ಯಾಪಕ ಮೊರಿಟ್ಸ್ ಶ್ರೋಟರ್‌ರವರು ಎಂಜಿನ್ ಅನ್ನು ಅಧಿಕೃತವಾಗಿ ಪರೀಕ್ಷಿಸಿದರು. ನಿಮಿಷಕ್ಕೆ 154 ಸುತ್ತುಗಳಲ್ಲಿ ಸುಮಾರು 18 ಅಶ್ವಶಕ್ತಿ ದೊರೆತು, ದಕ್ಷತೆ ಶೇಕಡ 26.2 ಎಂದು ದಾಖಲಾಯಿತು. ತಯಾರಕರ ಮಾತಿಗಿಂತ ಹೊರಗಿನ ಪರೀಕ್ಷಕರ ವರದಿಗೆ ಇರುವ ಬೆಲೆಯನ್ನು ಅರ್ಹತಾ ಪತ್ರಕ್ಕಾಗಿ ವಾಹನ ತರುವವರಿಗೆ ವಿವರಿಸಬೇಕಾಗಿಲ್ಲ.

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಇಂತಹ ಎಂಜಿನ್ ಒಂದನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಲಾಯಿತು. ಹೊಂಗೆ ಎಣ್ಣೆಯ ಜೈವಿಕ ಇಂಧನದ ಬಗ್ಗೆ ಕೇಳಿಬಲ್ಲ ನಮ್ಮ ರಾಜ್ಯದ ರೈತರಿಗೆ ಈ ಸಂಗತಿ ಆಸಕ್ತಿದಾಯಕವೆನಿಸಬಹುದು.

ಪೇಟೆಂಟ್ ವ್ಯಾಜ್ಯಗಳು ಡೀಸೆಲ್‌ರವರ ಆರೋಗ್ಯವನ್ನು ಕುಗ್ಗಿಸಿದವು. ಬಂದ ಹಣವೂ ತಪ್ಪು ಹೂಡಿಕೆಗಳಲ್ಲಿ ಕರಗಿತು. ಯಂತ್ರದ ನಷ್ಟವನ್ನು ಅಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಿದವರು ಸ್ವಂತ ಜಮಾ-ಖರ್ಚಿನಲ್ಲಿ ಎಡವಿದರು. ದಿನಾಂಕ 29-09-1913 ರಂದು ಆಂಟ್‌ವರ್ಪ್‌ನಿಂದ ಇಂಗ್ಲೆಂಡ್‌ಗೆ ಹೊರಟ ಡ್ರೆಸ್ಡೆನ್ ಹಡಗಿನಿಂದ ಅವರು ರಾತ್ರಿ ಕಾಣೆಯಾದರು. ಕೆಲವು ದಿನಗಳ ನಂತರ ಸಮುದ್ರದಲ್ಲಿ ದೊರೆತ ಶವದ ಬಳಿಯಿದ್ದ ವಸ್ತುಗಳನ್ನು ಅವರ ಪುತ್ರ ಗುರುತಿಸಿದರು.

ಇಂಧನವನ್ನು ಒಳಸೇರಿಸಲು ಪ್ರತ್ಯೇಕ ಗಾಳಿಯಂತ್ರ ಬೇಕಿದ್ದುದರಿಂದ ಈ ಎಂಜಿನ್ ಬಹುಕಾಲ ಕಾರಿಗೆ ಭಾರವಾಗಿಯೇ ಉಳಿಯಿತು. 1927ರಲ್ಲಿ ಬಾಷ್ ಸಂಸ್ಥೆಯ ಚಿಕ್ಕ ಇಂಧನ ಪಂಪುಗಳ ತಯಾರಿಕೆ ಆರಂಭವಾದ ಮೇಲೆ ಅಡಚಣೆ ನಿವಾರಣೆಯಾಯಿತು. 1936ರಲ್ಲಿ ಮರ್ಸಿಡಿಸ್-ಬೆಂಜ್ 260 ಡಿ ಎಂಬ ಡೀಸೆಲ್ ಕಾರು ಬರ್ಲಿನ್‌ನಲ್ಲಿ ಪ್ರದರ್ಶನಗೊಂಡಾಗ ಡೀಸೆಲ್‌ರವರು ಗತಿಸಿ 22 ವರ್ಷಗಳು ಕಳೆದಿದ್ದವು.