ಸ್ವಯಂಚಾಲಿತ ದೂರವಾಣಿಯ ಜನಕ ಆಲ್ಮನ್ ಸ್ಟ್ರೌಜರ್



ಇಂದು ನಮ್ಮೆಲ್ಲರ ಜೇಬಿನಲ್ಲೂ ಮೊಬೈಲ್ ಫೋನ್ ಇದೆ. ಅದರ ಗಾಜಿನ ಮೇಲೆ ಬೆರಳು ಮುಟ್ಟಿಸಿದರೆ ಸಾಕು, ಕರೆ ಹೋಗುತ್ತದೆ. ಆದರೂ ನಾವು ನಂಬರ್ ಡಯಲ್ ಮಾಡಿದೆ ಎಂದೇ ಹೇಳುತ್ತೇವೆ. ಡಯಲ್ ಎಂದರೆ ತಿರುಗುವ ಬಿಲ್ಲೆ. ಮೊಬೈಲಿನಲ್ಲಿ ತಿರುಗುವಂಥದ್ದು ಏನೂ ಇಲ್ಲ. ಹಾಗಾದರೆ ಈ ಮಾತು ಎಲ್ಲಿಂದ ಬಂತು? ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. ಕಪ್ಪು ಬಣ್ಣದ ಭಾರವಾದ ಫೋನು, ಅದರ ಮುಂಭಾಗದಲ್ಲಿ ಹತ್ತು ತೂತುಗಳಿದ್ದ ಒಂದು ಚಕ್ರ, ಬೆರಳು ಹಾಕಿ ತಿರುಗಿಸಿ ಬಿಟ್ಟರೆ ಕಿರ್ರ್ ಎಂದು ಹಿಂದಕ್ಕೆ ಬರುವ ಸದ್ದು, ಇವೆಲ್ಲ ಅವರಿಗೆ ನೆನಪಿರುತ್ತವೆ. ಇಂದಿನ ಮಕ್ಕಳ ಕೈಗೆ ಆ ಫೋನನ್ನು ಕೊಟ್ಟರೆ ಅವರು ತೂತುಗಳನ್ನು ಗುಂಡಿಯಂತೆ ಒತ್ತಿ ನೋಡುತ್ತಾರೆ.

ಆ ಚಕ್ರಕ್ಕೆ ಕೆಲಸ ಸಿಕ್ಕಿದ್ದು ಒಬ್ಬ ಮನುಷ್ಯನಿಂದ. ಆತ ವಿಜ್ಞಾನಿಯಲ್ಲ, ಎಂಜಿನಿಯರ್ ಅಲ್ಲ. ಶವಸಂಸ್ಕಾರದ ಏರ್ಪಾಡು ಮಾಡಿಕೊಡುವುದು ಆತನ ವೃತ್ತಿಯಾಗಿತ್ತು. ಅವರೇ ಆಲ್ಮನ್ ಬ್ರೌನ್ ಸ್ಟ್ರೌಜರ್. ಅವರ ಬದುಕಿನಿಂದ ನಾವು ಕಲಿಯಬೇಕಾದ ಒಂದು ಮುಖ್ಯ ಪಾಠವಿದೆ.

ಬಾಲ್ಯ ಮತ್ತು ವೃತ್ತಿ

ಸ್ಟ್ರೌಜರ್ ಅವರು 1839ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದ ಸಮೀಪದ ಪೆನ್‌ಫೀಲ್ಡ್ ಎಂಬ ಊರಿನಲ್ಲಿ ಜನಿಸಿದರು. ತಾಯಿ ಮನೆಗೆಲಸ ಹೇಳಿದಾಗಲೆಲ್ಲ ಆಲ್ಮನ್ ಮತ್ತು ಅವರ ಸಹೋದರರು ಆ ಕೆಲಸವನ್ನು ಮಾಡಬಲ್ಲ ಯಂತ್ರವೊಂದನ್ನು ಕಟ್ಟಲು ಹೊರಡುತ್ತಿದ್ದರು ಎಂದು ಅವರ ಜೀವನವನ್ನು ಬರೆದವರು ಹೇಳುತ್ತಾರೆ. ಅಮೆರಿಕದ ಅಂತರ್ಯುದ್ಧ 1861ರಲ್ಲಿ ಆರಂಭವಾದಾಗ ಅವರು ಅಶ್ವದಳವನ್ನು ಸೇರಿ ಸೈನಿಕರಾದರು. ಯುದ್ಧದ ನಂತರ ಕೆಲಕಾಲ ಹಳ್ಳಿಯ ಶಾಲೆಯಲ್ಲಿ ಶಿಕ್ಷಕರಾಗಿದ್ದರು. ಬಳಿಕ ಶವಸಂಸ್ಕಾರದ ವೃತ್ತಿಯನ್ನು ಹಿಡಿದು, 1880ರ ದಶಕದಲ್ಲಿ ಮಿಸೌರಿ ರಾಜ್ಯದ ಕಾನ್ಸಾಸ್ ಸಿಟಿಯಲ್ಲಿ ನೆಲೆ ನಿಂತರು.

ಆ ಕಾಲದ ದೂರವಾಣಿ

ಗ್ರಹಾಂ ಬೆಲ್ ಅವರು ದೂರವಾಣಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ಎರಡು ವರ್ಷಗಳ ನಂತರ, 1878ರ ಜನವರಿಯಲ್ಲಿ, ನ್ಯೂ ಹೇವನ್ ನಗರದಲ್ಲಿ 21 ಚಂದಾದಾರರನ್ನು ಹೊಂದಿದ ಟೆಲಿಫೋನ್ ಎಕ್ಸ್‌ಚೇಂಜ್ ಆರಂಭವಾಯಿತು. ಅಲ್ಲಿಂದ ಮುಂದೆ ಊರೂರಿಗೂ ಎಕ್ಸ್‌ಚೇಂಜ್ ಬಂತು. ನಮ್ಮ ದೇಶದಲ್ಲಿಯೂ 1882ರಲ್ಲಿ ಕಲ್ಕತ್ತ, ಬೊಂಬಾಯಿ ಮತ್ತು ಮದರಾಸುಗಳಲ್ಲಿ ಎಕ್ಸ್‌ಚೇಂಜ್‌ಗಳು ಪ್ರಾರಂಭವಾದವು.

ಆಗ ಯಾರಿಗಾದರೂ ಫೋನ್ ಮಾಡಬೇಕಾದರೆ ಮೊದಲು ಎಕ್ಸ್‌ಚೇಂಜಿನ ಆಪರೇಟರನ್ನು ಕರೆಯಬೇಕಿತ್ತು. ಬೇಕಾದವರ ಹೆಸರನ್ನೋ ಸಂಖ್ಯೆಯನ್ನೋ ಅವರಿಗೆ ಹೇಳಬೇಕಿತ್ತು. ಅವರು ದೊಡ್ಡ ಹಲಗೆಯೊಂದರ ಮುಂದೆ ಕುಳಿತು, ತಂತಿಯ ತುದಿಯನ್ನು ಸರಿಯಾದ ರಂಧ್ರಕ್ಕೆ ಚುಚ್ಚಿ ಇಬ್ಬರನ್ನೂ ಜೋಡಿಸುತ್ತಿದ್ದರು. ಇದರಿಂದ ಎರಡು ತೊಂದರೆಗಳಿದ್ದವು. ಒಂದು, ಮಾತುಕತೆ ಗುಟ್ಟಾಗಿ ಉಳಿಯುತ್ತದೆ ಎಂಬ ಭರವಸೆಯಿರಲಿಲ್ಲ. ಎರಡು, ಕರೆ ಯಾರಿಗೆ ತಲುಪಬೇಕೆಂಬುದು ನಡುವೆ ಕುಳಿತವರ ಪ್ರಾಮಾಣಿಕತೆ ಮತ್ತು ಗಮನವನ್ನು ಅವಲಂಬಿಸಿತ್ತು.

ಸಂಶಯದಿಂದ ಹುಟ್ಟಿದ ಸಂಶೋಧನೆ

ಸ್ಟ್ರೌಜರ್ ಅವರ ವ್ಯಾಪಾರ ಇದ್ದಕ್ಕಿದ್ದಂತೆ ಕುಗ್ಗತೊಡಗಿತು. ಪರಿಚಯದ ಕುಟುಂಬವೊಂದರಲ್ಲಿ ಸಾವು ಸಂಭವಿಸಿದರೂ ಕರೆ ತಮಗೆ ಬರಲಿಲ್ಲ, ಇನ್ನೊಬ್ಬರಿಗೆ ಹೋಯಿತು. ತಮ್ಮ ಪ್ರತಿಸ್ಪರ್ಧಿಯ ಹೆಂಡತಿಯೇ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು, ತಮಗೆ ಬರಬೇಕಾದ ಕರೆಗಳನ್ನು ಗಂಡನಿಗೆ ತಿರುಗಿಸುತ್ತಿದ್ದಾಳೆ ಎಂದು ಅವರು ಸಂಶಯಪಟ್ಟರು. ಈ ಕಥೆ ಅನೇಕ ಪುಸ್ತಕಗಳಲ್ಲಿದೆ. ಆದರೆ ಆ ಆಪರೇಟರ್ ಯಾರು, ಇದು ನಡೆದದ್ದು ಯಾವ ಊರಿನಲ್ಲಿ ಎಂಬ ವಿಷಯದಲ್ಲಿ ಎಲ್ಲರೂ ಒಂದೇ ರೀತಿ ಹೇಳುವುದಿಲ್ಲ. ಅಂಗಡಿಯ ಹೊರಗೆ ತೂಗುಹಾಕಿದ್ದ ಲೋಹದ ನಾಮಫಲಕವು ಗಾಳಿಗೆ ಅಲುಗಾಡಿ ತಂತಿಗೆ ತಗಲುತ್ತಿದ್ದುದರಿಂದ ಕರೆಗಳು ಕೆಡುತ್ತಿದ್ದವು ಎಂಬ ಇನ್ನೊಂದು ಕಥೆಯೂ ಇದೆ.

ಈ ಎರಡನೆಯ ಕಥೆ ನಿಜವಾಗಿದ್ದರೆ, ಆ ಮಹಿಳೆಯ ಮೇಲಿನ ಸಂಶಯ ಅನ್ಯಾಯವಾದದ್ದು. ಆಧಾರವಿಲ್ಲದೆ ಯಾರ ಮೇಲೂ ಆರೋಪ ಹೊರಿಸಬಾರದು ಎಂಬುದನ್ನು ನಾವು ಇಲ್ಲಿ ನೆನಪಿಡಬೇಕು. ಆದರೆ ಸ್ಟ್ರೌಜರ್ ಅವರು ಜಗಳದಲ್ಲೇ ಕಾಲ ಕಳೆಯಲಿಲ್ಲ ಎಂಬುದನ್ನೂ ಮರೆಯಬಾರದು. ಒಬ್ಬ ಆಪರೇಟರನ್ನು ತೆಗೆದು ಇನ್ನೊಬ್ಬರನ್ನು ಕೂರಿಸಿದರೆ ಅವರ ಮೇಲೂ ಸಂಶಯ ಹುಟ್ಟಬಹುದು. ಆದ್ದರಿಂದ ಕರೆ ಮಾಡುವವನೇ ತನಗೆ ಬೇಕಾದ ಸಂಖ್ಯೆಯನ್ನು ನೇರವಾಗಿ ಆರಿಸಿಕೊಳ್ಳುವಂತಹ ವ್ಯವಸ್ಥೆ ಬೇಕೆಂದು ಅವರು ಯೋಚಿಸಿದರು. ಯಂತ್ರಕ್ಕೆ ನೆಂಟರೂ ಇಲ್ಲ, ಶತ್ರುಗಳೂ ಇಲ್ಲ.

ಸ್ಟ್ರೌಜರ್ ಅವರಿಗಿಂತ ಮೊದಲೇ, 1879ರಲ್ಲಿ, ಸ್ವಯಂಚಾಲಿತ ಜೋಡಣೆಗೆ ಬೇರೆಯವರು ಪೇಟೆಂಟ್ ಪಡೆದಿದ್ದರು. ಆದರೆ ಅದು ಬಳಕೆಗೆ ಬರಲಿಲ್ಲ. ಸ್ಟ್ರೌಜರ್ ಅವರು ಶರ್ಟಿನ ಕಾಲರ್ ಇಡುವ ದುಂಡನೆಯ ಕಾಗದದ ಡಬ್ಬಿಯನ್ನು ತೆಗೆದುಕೊಂಡು ಅದಕ್ಕೆ ಸಾಲುಸಾಲಾಗಿ ಗುಂಡುಸೂಜಿಗಳನ್ನು ಚುಚ್ಚಿ ತಮ್ಮ ಮೊದಲ ಮಾದರಿಯನ್ನು ಮಾಡಿದರೆಂದು ಹೇಳಲಾಗುತ್ತದೆ. ಒಂದೊಂದು ಸೂಜಿಯೂ ಒಬ್ಬೊಬ್ಬ ಚಂದಾದಾರ. ಡಬ್ಬಿಯ ನಡುವಿನ ಕಂಬಿಗೆ ಒಂದು ಚಿಕ್ಕ ತೋಳು. ಆ ತೋಳು ಮೇಲಕ್ಕೇರಿ, ಬಳಿಕ ಸುತ್ತ ತಿರುಗಿ, ಬೇಕಾದ ಸೂಜಿಯನ್ನು ಮುಟ್ಟಬೇಕು. ಎಷ್ಟು ಸರಳ ಆಲೋಚನೆ! ಅವರು 1889ರ ಮಾರ್ಚ್‌ನಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. 1891ರ ಮಾರ್ಚ್ 10ರಂದು 447918 ಸಂಖ್ಯೆಯ ಪೇಟೆಂಟ್ ಅವರಿಗೆ ದೊರೆಯಿತು.

ಲಾ ಪೋರ್ಟ್‌ನ ಪ್ರಯೋಗ

ಪೇಟೆಂಟ್ ಸಿಕ್ಕರೆ ಸಾಲದು, ಬಂಡವಾಳ ಬೇಕು, ಕುಶಲ ಕೆಲಸಗಾರರು ಬೇಕು. ಸೋದರಸಂಬಂಧದ ಹುಡುಗ ವಾಲ್ಟರ್ ಸ್ಟ್ರೌಜರ್ ಅವರ ನೆರವು ಮೊದಲಿನಿಂದಲೂ ಇತ್ತು. ಜೋಸೆಫ್ ಹ್ಯಾರಿಸ್ ಎಂಬ ಉದ್ಯಮಿ ಜೊತೆಗೂಡಿದರು. 1891ರಲ್ಲಿ ಕಂಪನಿ ಸ್ಥಾಪನೆಯಾಯಿತು. 1892ರ ನವೆಂಬರ್ 3ರಂದು ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಎಂಬ ಪಟ್ಟಣದಲ್ಲಿ ಮೊದಲ ಸ್ವಯಂಚಾಲಿತ ಸಾರ್ವಜನಿಕ ಎಕ್ಸ್‌ಚೇಂಜ್ ಉದ್ಘಾಟನೆಗೊಂಡಿತು. ಆರಂಭದಲ್ಲಿ ಸುಮಾರು 75 ಚಂದಾದಾರರಿದ್ದರು. ಅಲ್ಲಿ ಆಪರೇಟರ್ ಇರಲಿಲ್ಲ. ಕರೆ ಮಾಡುವವರೇ ತಮ್ಮ ಸಂಪರ್ಕವನ್ನು ಮಾಡಿಕೊಳ್ಳುತ್ತಿದ್ದರು.

ಆದರೆ ಆಗಿನ ಫೋನಿನಲ್ಲಿ ಡಯಲ್ ಇರಲಿಲ್ಲ, ಕೆಲವು ಗುಂಡಿಗಳಿದ್ದವು. 46 ಎಂಬ ಸಂಖ್ಯೆ ಬೇಕಾದರೆ ಹತ್ತರ ಸ್ಥಾನದ ಗುಂಡಿಯನ್ನು ನಾಲ್ಕು ಸಲ, ಬಿಡಿ ಸ್ಥಾನದ ಗುಂಡಿಯನ್ನು ಆರು ಸಲ ಒತ್ತಬೇಕಿತ್ತು. ಎಣಿಕೆ ತಪ್ಪಿದರೆ ಕರೆ ಬೇರೆ ಮನೆಗೆ ಹೋಗುತ್ತಿತ್ತು. ಪ್ರತಿ ಫೋನಿಗೂ ಹಲವು ತಂತಿಗಳನ್ನು ಎಳೆಯಬೇಕಿತ್ತು.

ಡಯಲ್ ಹೇಗೆ ಕೆಲಸ ಮಾಡುತ್ತದೆ?

ಈ ಕೊರತೆಯನ್ನು ನೀಗಿಸಿದವರು ಅದೇ ಕಂಪನಿಯ ಅಲೆಕ್ಸಾಂಡರ್ ಕೀತ್ ಹಾಗೂ ಜಾನ್ ಮತ್ತು ಚಾರ್ಲ್ಸ್ ಎರಿಕ್ಸನ್ ಸಹೋದರರು. 1896ರಲ್ಲಿ ಅವರು ಬೆರಳಿನಿಂದ ತಿರುಗಿಸುವ ಚಕ್ರಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದರು. 1898ರ ಜನವರಿಯಲ್ಲಿ ಪೇಟೆಂಟ್ ಸಿಕ್ಕಿತು. ಮುಂದೆ ಹಲವು ಸುಧಾರಣೆಗಳಾಗಿ ನಮ್ಮ ಹಿರಿಯರು ಕಂಡ ಡಯಲ್ ರೂಪುಗೊಂಡಿತು.

ಅದರ ಒಳಗುಟ್ಟನ್ನು ತಿಳಿಯೋಣ. ಬೆರಳನ್ನು 5ರ ತೂತಿಗೆ ಹಾಕಿ, ಕೊನೆಯಲ್ಲಿರುವ ಲೋಹದ ಕೊಕ್ಕೆ ತಡೆಯುವವರೆಗೆ ಚಕ್ರವನ್ನು ತಿರುಗಿಸಿದಾಗ ಎಕ್ಸ್‌ಚೇಂಜ್‌ಗೆ ಯಾವ ಸಂದೇಶವೂ ಹೋಗುವುದಿಲ್ಲ. ಆಗ ಒಳಗಿನ ಸ್ಪ್ರಿಂಗ್ ಮಾತ್ರ ಬಿಗಿಯಾಗುತ್ತದೆ. ಬೆರಳನ್ನು ತೆಗೆದೊಡನೆ ಸ್ಪ್ರಿಂಗ್ ಚಕ್ರವನ್ನು ಹಿಂದಕ್ಕೆ ತರುತ್ತದೆ. ಕೆಲಸವೆಲ್ಲ ನಡೆಯುವುದು ಈ ಹಿಂದಿರುಗುವಿಕೆಯಲ್ಲೇ. ತಂತಿಯಲ್ಲಿ ಹರಿಯುತ್ತಿರುವ ವಿದ್ಯುತ್ತು ಒಂದು ಜೋಡಿ ಲೋಹದ ಪಟ್ಟಿಗಳ ಮೂಲಕ ಸಾಗುತ್ತದೆ. ಚಕ್ರ ಹಿಂದಿರುಗುವಾಗ ಒಳಗಿನ ಹಲ್ಲು ಈ ಪಟ್ಟಿಗಳನ್ನು ಐದು ಸಲ ಬೇರ್ಪಡಿಸಿ ಕೂಡಿಸುತ್ತದೆ. ಅಂದರೆ ವಿದ್ಯುತ್ತು ಐದು ಸಲ ಕಡಿದು ಕೂಡುತ್ತದೆ. ಎಕ್ಸ್‌ಚೇಂಜ್ ಆ ಕಡಿತಗಳನ್ನು ಎಣಿಸುತ್ತದೆ. 1ಕ್ಕೆ ಒಂದು ಕಡಿತ, 9ಕ್ಕೆ ಒಂಬತ್ತು, ಸೊನ್ನೆಗೆ ಹತ್ತು. ಡಯಲ್‌ನಲ್ಲಿ ಸೊನ್ನೆಯು 1ರ ಹಿಂದೆ ಇರದೆ 9ರ ನಂತರ ಇರುವುದು ಇದೇ ಕಾರಣಕ್ಕೆ.

ಒಬ್ಬರು ಅವಸರದಲ್ಲಿ ತಿರುಗಿಸಬಹುದು, ಇನ್ನೊಬ್ಬರು ನಿಧಾನವಾಗಿ. ಆದರೆ ಹಿಂದಿರುಗುವ ವೇಗ ಎಲ್ಲರಿಗೂ ಒಂದೇ. ಅದಕ್ಕಾಗಿ ಒಳಗೆ ಗವರ್ನರ್ ಎಂಬ ವೇಗ ನಿಯಂತ್ರಕವಿದೆ. ಅದು ಜೋರಾಗಿ ತಿರುಗಿದರೆ ಅದರ ಎರಡು ಪುಟ್ಟ ತೂಕಗಳು ಹೊರಕ್ಕೆ ಚಾಚಿ ಬಟ್ಟಲಿನಂತಹ ಕವಚಕ್ಕೆ ಉಜ್ಜಿ ವೇಗವನ್ನು ತಗ್ಗಿಸುತ್ತವೆ. ಹೀಗೆ ಸೆಕೆಂಡಿಗೆ ಸುಮಾರು 10 ಕಡಿತಗಳ ವೇಗ ಉಳಿಯುತ್ತದೆ. ನಾವು ಕೇಳುತ್ತಿದ್ದ ಕಿರ್ರ್ ಸದ್ದು ಇದರ ಓಟದ್ದು. ಡಯಲ್ ತಿರುಗುವಾಗ ಕಿವಿಯಲ್ಲಿ ಟಕಟಕ ಶಬ್ದ ಬಾರದಂತೆ ಇನ್ನೊಂದು ಜೋಡಿ ಪಟ್ಟಿಗಳು ನೋಡಿಕೊಳ್ಳುತ್ತವೆ.

ಎಕ್ಸ್‌ಚೇಂಜಿನಲ್ಲಿರುವ ಸ್ಟ್ರೌಜರ್ ಸ್ವಿಚ್‌ನಲ್ಲಿ ಹತ್ತು ಸಾಲುಗಳು, ಪ್ರತಿ ಸಾಲಿಗೆ ಹತ್ತು ಬಿಂದುಗಳು, ಒಟ್ಟು 100. ಸಂಖ್ಯೆ 2746 ಎಂದಿಟ್ಟುಕೊಳ್ಳಿ. 2 ಬಂದಾಗ ಮೊದಲನೆಯ ಸ್ವಿಚ್‌ನ ತೋಳು ಎರಡು ಮೆಟ್ಟಿಲು ಏರಿ, ತಾನೇ ತಿರುಗಿ, ಬಿಡುವಾಗಿರುವ ಮುಂದಿನ ಸ್ವಿಚ್ ಒಂದನ್ನು ಹುಡುಕುತ್ತದೆ. ಆ ಎರಡನೆಯ ಸ್ವಿಚ್ 7 ಮೆಟ್ಟಿಲು ಏರಿ ಹಾಗೆಯೇ ಮಾಡುತ್ತದೆ. ಕೊನೆಯ ಸ್ವಿಚ್ 4 ಮೆಟ್ಟಿಲು ಏರಿ, 6 ಹೆಜ್ಜೆ ತಿರುಗಿ, ಬೇಕಾದ ಮನೆಯ ತಂತಿಯನ್ನು ಮುಟ್ಟುತ್ತದೆ. ಕಾಲರ್ ಡಬ್ಬಿಯ ಆಲೋಚನೆ ಇಲ್ಲಿಯೂ ಬದಲಾಗಿಲ್ಲ: ಮೊದಲು ಏರು, ಬಳಿಕ ತಿರುಗು.

ಕೊನೆಯ ದಿನಗಳು

ಇಷ್ಟು ದೊಡ್ಡ ಸಂಶೋಧನೆಯಿಂದ ಸ್ಟ್ರೌಜರ್ ಅವರು ಶ್ರೀಮಂತರಾದರೇ? ಹಾಗಾಗಲಿಲ್ಲ. 1896ರಲ್ಲಿ ತಮ್ಮ ಪೇಟೆಂಟುಗಳನ್ನು 1,800 ಡಾಲರ್‌ಗೆ, 1898ರಲ್ಲಿ ಕಂಪನಿಯಲ್ಲಿದ್ದ ತಮ್ಮ ಪಾಲನ್ನು 10,000 ಡಾಲರ್‌ಗೆ ಮಾರಿಬಿಟ್ಟರು. ಬಳಿಕ ಫ್ಲಾರಿಡಾ ರಾಜ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ವಾಸಿಸಿ, 1902ರ ಮೇ 26ರಂದು ಅಲ್ಲಿಯೇ ನಿಧನರಾದರು. ಅವೇ ಪೇಟೆಂಟುಗಳು 1916ರಲ್ಲಿ ಬೆಲ್ ಸಮೂಹಕ್ಕೆ 25 ಲಕ್ಷ ಡಾಲರ್‌ಗೆ ಮಾರಾಟವಾದವು. ಬಹುಕಾಲ ಆಪರೇಟರುಗಳನ್ನೇ ನೆಚ್ಚಿಕೊಂಡಿದ್ದ ಬೆಲ್ ಸಮೂಹವು 1919ರಲ್ಲಿ ವರ್ಜೀನಿಯಾದ ನಾರ್ಫೋಕ್‌ನಲ್ಲಿ ತನ್ನ ಮೊದಲ ದೊಡ್ಡ ಡಯಲ್ ಎಕ್ಸ್‌ಚೇಂಜ್ ತೆರೆಯಿತು. ಆ ಬದಲಾವಣೆಯನ್ನು ನೋಡಲು ಸ್ಟ್ರೌಜರ್ ಇರಲಿಲ್ಲ. ಯಂತ್ರ ಹರಡಿದಂತೆ ಆಪರೇಟರ್ ಕೆಲಸವನ್ನು ನಂಬಿದ್ದ ಸಾವಿರಾರು ಮಹಿಳೆಯರ ಉದ್ಯೋಗ ಕ್ರಮೇಣ ಇಲ್ಲವಾಯಿತು ಎಂಬುದನ್ನೂ ಹೇಳದಿದ್ದರೆ ಈ ಚರಿತ್ರೆ ಪೂರ್ಣವಾಗದು.

ಬೆಂಗಳೂರಿನೊಡನೆ ನಂಟು

ಭಾರತದ ಮೊದಲ ಸ್ವಯಂಚಾಲಿತ ಎಕ್ಸ್‌ಚೇಂಜ್ 1913-14ರಲ್ಲಿ ಶಿಮ್ಲಾದಲ್ಲಿ ಬಂತು. ಸ್ವಾತಂತ್ರ್ಯಾನಂತರ, 1948ರಲ್ಲಿ, ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ ಕಾರ್ಖಾನೆ ಸ್ಥಾಪನೆಯಾಯಿತು. ಇಂಗ್ಲೆಂಡಿನ ಲಿವರ್‌ಪೂಲ್‌ನ ಕಂಪನಿಯೊಂದರ ತಾಂತ್ರಿಕ ನೆರವಿನಿಂದ ಅಲ್ಲಿ ಡಯಲ್ ಫೋನುಗಳೂ ಸ್ಟ್ರೌಜರ್ ಎಕ್ಸ್‌ಚೇಂಜಿನ ಉಪಕರಣಗಳೂ ತಯಾರಾದವು. ಆ ಬಡಾವಣೆಯ ಹೆಸರೇ ದೂರವಾಣಿನಗರ. ಹೀಗೆ ಕಾನ್ಸಾಸ್ ಸಿಟಿಯ ಒಬ್ಬ ಸಾಮಾನ್ಯ ವ್ಯಾಪಾರಿಯ ಆಲೋಚನೆ ಕರ್ನಾಟಕದ ಕಾರ್ಮಿಕರ ಕೈಯಲ್ಲಿ ರೂಪ ಪಡೆದು ದೇಶದ ಮೂಲೆಮೂಲೆಗೂ ಹೋಯಿತು. ಡಿಜಿಟಲ್ ಎಕ್ಸ್‌ಚೇಂಜ್‌ಗಳು ಬಂದ ಮೇಲೆ ಆ ಸ್ವಿಚ್‌ಗಳು ಮರೆಯಾದವು.

ನಮಗಿರುವ ಪಾಠ

ವಿದ್ಯಾರ್ಥಿಗಳೇ, ನಮಗೆ ಅನ್ಯಾಯವಾಗಿದೆ ಎಂಬ ಭಾವನೆ ಬದುಕಿನಲ್ಲಿ ಎಲ್ಲರಿಗೂ ಒಮ್ಮೆಯಾದರೂ ಬರುತ್ತದೆ. ಅಂಕ ಕಡಿಮೆ ಬಂದಾಗ, ಕೆಲಸ ಸಿಗದಿದ್ದಾಗ, ನಮ್ಮ ಅರ್ಜಿ ಯಾವುದೋ ಮೇಜಿನ ಮೇಲೆ ನಿಂತುಹೋದಾಗ ಮನಸ್ಸು ಕುದಿಯುತ್ತದೆ. ಆ ಸಿಟ್ಟನ್ನು ಸಂಶಯಕ್ಕೂ ದ್ವೇಷಕ್ಕೂ ಖರ್ಚು ಮಾಡುವುದು ಸುಲಭ. ಸ್ಟ್ರೌಜರ್ ಅವರ ಸಂಶಯ ಸರಿಯಿತ್ತೋ ತಪ್ಪಿತ್ತೋ, ಅವರು ಅದನ್ನು ಒಂದು ಪ್ರಶ್ನೆಯಾಗಿ ಬದಲಾಯಿಸಿಕೊಂಡರು. ಇಂತಹ ತೊಂದರೆ ಯಾರಿಗೂ ಆಗದಂತೆ ಏನು ಮಾಡಬಹುದು ಎಂಬುದೇ ಆ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಅವರಿಗೆ ದೊಡ್ಡ ಪದವಿಯಿರಲಿಲ್ಲ, ಪ್ರಯೋಗಾಲಯವಿರಲಿಲ್ಲ. ಐವತ್ತರ ವಯಸ್ಸಿನಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ತಾವು ಮುಗಿಸಲಾಗದ್ದನ್ನು ಇತರರು ಮುಗಿಸಿದರು.

ಮನೆಯ ಅಟ್ಟದಲ್ಲಿ ಹಳೆಯ ಡಯಲ್ ಫೋನು ಇದ್ದರೆ ಗುಜರಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಸ್ಪ್ರಿಂಗ್, ಹಲ್ಲು, ಪಟ್ಟಿಗಳು, ಗವರ್ನರ್ ಎಲ್ಲವೂ ಕಣ್ಣಿಗೆ ಕಾಣುತ್ತವೆ. ಪಾಠಪುಸ್ತಕದ ವಿದ್ಯುನ್ಮಂಡಲ ಅಲ್ಲಿ ಕೈಗೆ ಸಿಗುತ್ತದೆ.